ಸಂಧಾನದಲ್ಲಿ ನಗೆಯ ಸ್ಥಾನ

ಹಾವೇರಿ ತಾಲ್ಲೂಕಿನ ಗುತ್ತಲವು 12 ಮತ್ತು 13ನೆಯ ಶತಮಾನಗಳಲ್ಲಿ ಗುತ್ತವೊಳಲೆಂಬ ಹೆಸರಿನಿಂದ ಗುತ್ತರ ರಾಜಧಾನಿಯಾಗಿದ್ದಿತು. ಉಜ್ಜಯಿನಿಯ ಚಂದ್ರಗುಪ್ತನ ವಂಶದವರೆಂದು ಹೇಳಿಕೊಂಡ ಈ ಮಾಂಡಲಿಕರು ಚಾಳುಕ್ಯ, ಕಳಚುರಿ, ಸೇವುಣರಿಗೆ ಕಾಲಕಾಲಕ್ಕೆ ತಲೆವಾಗಿ ಬಾಳಿದವರು. ಇಷ್ಟು ಮಂದಿ ಒಡೆಯರನ್ನು ಕಂಡವರಿಗೆ ಸಂಧಾನದ ಮಾತು ತಿಳಿದೇ ಇದ್ದಿರಬೇಕು. ಆದರೆ ಶಾಸನದ ಪ್ರಶಸ್ತಿಯಲ್ಲಿ ಬಿರುದು, ಪರಾಕ್ರಮಗಳಿಗೆ ಎಡೆಯುಂಟು, ನಗೆಗೆ ಇಲ್ಲ. ಆದುದರಿಂದ ನಾವು ಈ ಸೀಮೆಯ ಕಾವ್ಯಗಳತ್ತ ತಿರುಗಬೇಕಾಗಿದೆ.

ಗದುಗಿನ ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಸಂಧಿಗೆಂದು ಬಂದ ಕೃಷ್ಣನಿಗೆ ಕೌರವನು ಎದ್ದು ಮರ್ಯಾದೆ ಮಾಡುವುದಿಲ್ಲ. ಕೃಷ್ಣನು ಉಂಗುಟದಿಂದ ನೆಲವನ್ನೊತ್ತಲು ಸಿಂಹಾಸನವು ಓಲಿ, ಅರಸನು ಅವನ ಕಾಲ ಬಳಿಗೇ ಉರುಳುತ್ತಾನೆ. ಓದುವವರಿಗೆ ಇದು ಸೊಗಸಾದ ವಿನೋದ. ಕೌರವನ ಹಟ ಮೊದಲೇ ಗಟ್ಟಿಯಾಗಿದ್ದಿತು, ದಿಟ; ಆದರೂ ತುಂಬಿದ ಸಭೆಯಲ್ಲಿ ಮಾನ ಕಳೆದವನ ಮುಂದೆ ಐದು ಊರುಗಳ ಮಾತೆತ್ತಿದರೆ ಫಲವೇನು?

ಕನಕದಾಸರ ರಾಮಧಾನ್ಯಚರಿತ್ರೆಯ ಬಗೆಯೇ ಬೇರೆ. ಇವರ ಹುಟ್ಟೂರು ಬಾಡ. ನೆಲೆ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ. ಬಂಕಾಪುರದಲ್ಲಿ ನಾಯಕರಾಗಿದ್ದರೆಂಬ ಪ್ರತೀತಿಯನ್ನು ಒಪ್ಪಿದಲ್ಲಿ, ಜಗಳ ಎಲ್ಲಿ ಹುಟ್ಟಿ ಎಲ್ಲಿಗೆ ಮುಟ್ಟುವುದೆಂಬುದನ್ನು ಕಣ್ಣಾರೆ ಕಂಡವರು. ಲಂಕೆಯಿಂದ ಮರಳುವ ರಾಮನು ಧಾನ್ಯಗಳಲ್ಲಿ ಯಾವುದು ಮೇಲೆಂದು ಕೇಳಲು ಗೌತಮನು ನರೆದಲೆಗನನ್ನು, ಎಂದರೆ ರಾಗಿಯನ್ನು, ಹೊಗಳುತ್ತಾನೆ. ವ್ರೀಹಿಗೆ, ಎಂದರೆ ನೆಲ್ಲಿಗೆ, ಕೋಪ ಬರುತ್ತದೆ. ಕೀಳುಜನರ ಕೂಳೆಂದು ಅದು ಹಳಿದರೆ, ಬಡವರನ್ನು ಕಣ್ಣೆತ್ತಿ ನೋಡದ ನೀನು ಬರಗಾಲದಲ್ಲಿ ಎಲ್ಲಿರುತ್ತೀಯೆಂದೂ ಹೆಣದ ಬಾಯಿಗೂ ನೀನೇ ತುತ್ತೆಂದೂ ನರೆದಲೆಗ ತಿರುಗಿ ಕುಟುಕುತ್ತದೆ. ಮನುಷ್ಯರ ಬಾಯಲ್ಲಿ ಬಂದಿದ್ದರೆ ಕತ್ತಿ ಹಿರಿಯಬಹುದಾಗಿದ್ದ ಮಾತುಗಳಿವು. ಕಾಳುಗಳು ಆಡಿದುದರಿಂದ ಎರಡು ಪಂಗಡದವರೂ ಕೂಡಿ ಕುಳಿತು ಕೇಳಬಹುದಾಯಿತು. ಜಾತಿಯ ಹಮ್ಮನ್ನು ಹೀಗೆ ಬಯಲಿಗೆಳೆಯುವುದು ನೇರ ವಾದದಲ್ಲಿ ಸುಲಭವಿದ್ದಿಲ್ಲ.

ಹಾಗೆಂದು ನಗೆಯೇ ರಾಜಿ ಮಾಡಿಸಿತೆನ್ನಲು ನಾವು ಸಿದ್ಧರಿಲ್ಲ. ರಾಮನು ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಧಾನ್ಯಕ್ಕೆ ಸೆರೆವಾಸವೆಂಬುದೂ ಒಂದು ಚೇಷ್ಟೆಯೇ ಸರಿ. ಅವಧಿ ತೀರಿದಾಗ ವ್ರೀಹಿ ಕಂದಿದೆ, ನರೆದಲೆಗ ಕೆಟ್ಟಿಲ್ಲ. ಗೆದ್ದುದಕ್ಕೆ ರಾಮನು ರಾಘವನೆಂಬ ತನ್ನ ಹೆಸರನ್ನೇ ಕೊಟ್ಟು, ಸೋತುದನ್ನೂ ಸಂತೈಸಿ ಕಳುಹುತ್ತಾನೆ. ಕೃಷ್ಣನ ಸಂಧಾನದಲ್ಲಿ ಕಾಣದುದು ಈ ಕೊನೆಯ ಸಂತೈಕೆ.

ಒಂದು ಮಾತು. ಕಾಗಿನೆಲೆ, ಗುತ್ತಲಗಳ ಕಡೆಯ ನಿತ್ಯದ ಊಟ ಹೆಚ್ಚಾಗಿ ಜೋಳದ ರೊಟ್ಟಿ. ಈ ವ್ಯಾಜ್ಯದಲ್ಲಿ ಕವಿಯ ಮನೆಯ ಕಾಳು ಕಕ್ಷಿದಾರನಾಗಿರಲೇ ಇಲ್ಲ.