ರಾಷ್ಟ್ರದ ಪುನರುಜ್ಜೀವನದಲ್ಲಿ ಯುವಜನರು: ಫ್ರಾನ್ಸ್ ದೇಶದ ಒಂದು ಅಧ್ಯಾಯ

ಶತಮಾನೋತ್ಸವದ ಸಂಚಿಕೆಗಳಲ್ಲಿ ಹಿರಿಯರ ಭಾವಚಿತ್ರಗಳಿಗೆ ಮೊದಲ ಪುಟಗಳು ಮೀಸಲಾಗಿರುವುದು ವಾಡಿಕೆ. ಅದು ನ್ಯಾಯವೂ ಹೌದು. ಆದರೆ ನರೆತ ಗಡ್ಡದೊಡನೆ ನಮಗೆ ದರ್ಶನವೀಯುವ ಆ ಮಹನೀಯರು ತಮ್ಮ ಕಾರ್ಯವನ್ನು ಆರಂಭಿಸಿದಾಗ ಎಷ್ಟು ವರ್ಷದವರಾಗಿದ್ದರೆಂದು ನಾವು ವಿಚಾರಿಸುವುದು ಅಪರೂಪ. ಮೈಸೂರು ಸೀಮೆಯ ಹಳೆಯ ಧರ್ಮಕೇಂದ್ರಗಳಲ್ಲಿ ಅನೇಕವು ಪ್ಯಾರಿಸಿನ ವಿದೇಶ ಮಿಷನ್ ಸಭೆಯ ಗುರುಗಳ ಶ್ರಮದಿಂದ ಬೆಳೆದವು. ಆ ಗುರುಗಳನ್ನು ಕಳುಹಿಸಿಕೊಟ್ಟ ಫ್ರಾನ್ಸ್ ದೇಶದಲ್ಲಿ ಧರ್ಮಸಭೆಯು ಬೂದಿಯಿಂದ ಎದ್ದು ನಿಂತ ಬಗೆಯನ್ನು ಅರಿಯಹೊರಟರೆ, ಅಲ್ಲಿ ನಮಗೆ ಎದುರಾಗುವವರು ಬಹುಮಟ್ಟಿಗೆ ಇಪ್ಪತ್ತರ ಆಸುಪಾಸಿನ ತರುಣ ತರುಣಿಯರು.

ಬೂದಿಯೆಂಬುದು ಅತಿಶಯೋಕ್ತಿಯಲ್ಲ. 1789ರ ಮಹಾಕ್ರಾಂತಿಯ ವರ್ಷದಲ್ಲಿಯೇ ಧರ್ಮಸಭೆಯ ಆಸ್ತಿಪಾಸ್ತಿ ರಾಷ್ಟ್ರದ ವಶವಾಯಿತು. 1792ರ ಸೆಪ್ಟೆಂಬರ್ 2ರಂದು ಪ್ಯಾರಿಸಿನ ಕಾರ್ಮೆಲ್ ಮಠದಲ್ಲಿ ಸೆರೆಯಲ್ಲಿದ್ದ ನೂರಕ್ಕೂ ಮಿಗಿಲಾದ ಧರ್ಮಾಧ್ಯಕ್ಷರನ್ನೂ ಗುರುಗಳನ್ನೂ ಕೊಂದುಹಾಕಲಾಯಿತು. ನಮ್ಮ ನಾಡಿನ ರೀತಿನೀತಿಗಳ ಬಗ್ಗೆ ಪ್ರಸಿದ್ಧ ಗ್ರಂಥವನ್ನು ಬರೆದ, ಶ್ರೀರಂಗಪಟ್ಟಣ ಮೈಸೂರುಗಳಲ್ಲಿ ದುಡಿದ ಅಬ್ಬೆ ದುಬೋಯಿಸ್ ಗುರುಗಳು ಭಾರತದತ್ತ ಹೊರಟದ್ದೂ ಆ 1792ರಲ್ಲಿಯೇ. ಮರುವರ್ಷ ನೋತ್ರ್ ದಾಮ್ ಮಹಾದೇವಾಲಯವನ್ನು ವಿಚಾರಶಕ್ತಿಯ ಮಂದಿರವೆಂದು ಘೋಷಿಸಿದರು. 1801ರಲ್ಲಿ ನೆಪೋಲಿಯನ್ನನು ಜಗದ್ಗುರುಗಳೊಡನೆ ಒಪ್ಪಂದ ಮಾಡಿಕೊಂಡ ಮೇಲೆ ದೇವಾಲಯದ ಬಾಗಿಲುಗಳು ತೆರೆದವು ನಿಜ. ಓದುಬರಹ ಬಲ್ಲವರ ಮನಸ್ಸಿನ ಬಾಗಿಲುಗಳು ತೆರೆಯಲಿಲ್ಲ. 1831ರ ಫೆಬ್ರವರಿಯಲ್ಲಿ ಪ್ಯಾರಿಸಿನ ಮಹಾಧರ್ಮಾಧ್ಯಕ್ಷರ ನಿವಾಸವನ್ನೇ ಜನರ ಗುಂಪು ಸೂರೆಮಾಡಿತು.

ಮೊದಲ ಕಿಡಿ ಹೊತ್ತಿದ್ದು ರಾಜಧಾನಿಯಲ್ಲಲ್ಲ, ರೇಷ್ಮೆಯ ನಗರವಾದ ಲಿಯೋನ್‌ನಲ್ಲಿ. ರೇಷ್ಮೆ ಉದ್ಯಮಿಯ ಮಗಳಾದ ಪೌಲಿನ್ ಜಾರಿಕೋ 1799ರಲ್ಲಿ ಜನಿಸಿದವಳು. ಗುರುಮಠದಲ್ಲಿ ಓದುತ್ತಿದ್ದ ಅಣ್ಣ ಫಿಲೆಯಾಸನಿಂದ ವಿದೇಶ ಮಿಷನ್ ಸಭೆಯ ಬಡತನವನ್ನು ತಿಳಿದ ಆಕೆ, ಇಪ್ಪತ್ತರ ವಯಸ್ಸಿನಲ್ಲಿ ಒಂದು ಸರಳ ಉಪಾಯವನ್ನು ಕಂಡುಕೊಂಡಳು. ಒಬ್ಬೊಬ್ಬರೂ ಹತ್ತು ಮಂದಿಯನ್ನು ಕೂಡಿಸುವುದು, ಪ್ರತಿಯೊಬ್ಬರಿಂದ ವಾರಕ್ಕೊಂದು ‘ಸೂ’, ಎಂದರೆ ಅತ್ಯಲ್ಪ ಬೆಲೆಯ ನಾಣ್ಯ, ಸಂಗ್ರಹಿಸುವುದು, ಮಿಷನ್‌ಗಳಿಗಾಗಿ ಪ್ರಾರ್ಥಿಸುವುದು. ನಮ್ಮ ತಾಯಂದಿರು ಅನ್ನಕ್ಕೆ ಅಕ್ಕಿ ಹಾಕುವ ಮುನ್ನ ಒಂದು ಹಿಡಿ ತೆಗೆದಿಡುತ್ತಿದ್ದರಲ್ಲವೆ, ಅದೇ ಲೆಕ್ಕ. ರೇಷ್ಮೆ ಕಾರ್ಖಾನೆಯ ಹೆಣ್ಣುಮಕ್ಕಳು ಕೊಟ್ಟ ಈ ಕಾಸುಗಳಿಂದಲೇ 1822ರ ಮೇ 3ರಂದು ವಿಶ್ವಾಸ ಪ್ರಸಾರ ಸಂಸ್ಥೆ ರೂಪುಗೊಂಡಿತು. ಅದರ ನೆರವು ಏಷ್ಯಾಖಂಡದ ಮಿಷನ್‌ಗಳವರೆಗೂ ಹರಿಯಿತು. ಸಂಸ್ಥೆ ಬೆಳೆಯಿತು, ಆಕೆ ಮಾತ್ರ ವಂಚಕರನ್ನು ನಂಬಿ ಸಾಲದಲ್ಲಿ ಮುಳುಗಿ, 1862ರಲ್ಲಿ ಕಡುಬಡವಳಾಗಿ ಕಣ್ಮುಚ್ಚಿದಳು. ಧರ್ಮಸಭೆ ಆಕೆಯನ್ನು ಪುನೀತರ ಸಾಲಿಗೆ ಸೇರಿಸಿದ್ದು 2022ರಲ್ಲಿ.

ಅದೇ ಲಿಯೋನ್‌ನಲ್ಲಿ ಬೆಳೆದವನು ಫ್ರೆಡರಿಕ್ ಓಜಾನಾಮ್. ವೈದ್ಯರ ಮಗ, 1813ರ ಏಪ್ರಿಲ್ 23ರಂದು ಮಿಲಾನ್‌ನಲ್ಲಿ ಜನನ. ಶಾಲೆಯಲ್ಲಿದ್ದಾಗಲೇ ಅವನನ್ನು ಸಂಶಯಗಳು ಮುತ್ತಿ ಕಾಡಿದವು. ಅವನ ಗುರುಗಳಾದ ಅಬ್ಬೆ ನ್ವಾರೋ ಗದರಿಸಲಿಲ್ಲ, ಕೈಹಿಡಿದು ದಾಟಿಸಿದರು. ಪ್ರಶ್ನೆ ಕೇಳುವ ಹುಡುಗನನ್ನು ಧರ್ಮಭ್ರಷ್ಟನೆಂದು ಅಂದು ಹೊರಗಟ್ಟಿದ್ದರೆ ನಾವು ಈ ಲೇಖನವನ್ನು ಬರೆಯುವ ಸಂದರ್ಭವೇ ಒದಗುತ್ತಿರಲಿಲ್ಲ.

1831ರಲ್ಲಿ ನ್ಯಾಯಶಾಸ್ತ್ರದ ಅಧ್ಯಯನಕ್ಕೆಂದು ಪ್ಯಾರಿಸಿಗೆ ಬಂದ ಆತ, ವಿದ್ಯುತ್ತಿನ ಅಳತೆಗೆ ಇಂದಿಗೂ ಹೆಸರು ಕೊಟ್ಟಿರುವ ವಿಜ್ಞಾನಿ ಆಂಪೇರ್ ಅವರ ಮನೆಯಲ್ಲಿ ಆಶ್ರಯ ಪಡೆದನು. ಆ ಮಹಾಮೇಧಾವಿಯು ದೇವಾಲಯದ ಮೂಲೆಯೊಂದರಲ್ಲಿ ಮೊಣಕಾಲೂರಿ ಜಪಸರ ಹಿಡಿದಿದ್ದುದನ್ನು ತರುಣನು ಕಂಡನೆಂದು ಹೇಳುತ್ತಾರೆ. ವಿಶ್ವವಿದ್ಯಾನಿಲಯದಲ್ಲಾದರೋ ವಾತಾವರಣ ಬೇರೆ. ಪ್ರಾಧ್ಯಾಪಕರು ಪೀಠದ ಮೇಲಿಂದ ಕ್ರೈಸ್ತ ವಿಶ್ವಾಸವನ್ನು ಅಲ್ಲಗಳೆದಾಗ ಓಜಾನಾಮನೂ ಗೆಳೆಯರೂ ಬರಹದ ಮೂಲಕ ಆಕ್ಷೇಪ ಸಲ್ಲಿಸಿದರು. ಪತ್ರಕರ್ತರಾದ ಬೈಯಿ ಎಂಬವರ ಆಶ್ರಯದಲ್ಲಿ ಚರಿತ್ರೆಯ ಚರ್ಚಾಕೂಟವೊಂದು ನಡೆಯುತ್ತಿತ್ತು. ಎಲ್ಲ ಮತಗಳವರಿಗೂ, ಮತವಿಲ್ಲದವರಿಗೂ ಅಲ್ಲಿ ಪ್ರವೇಶವಿತ್ತು. ಧರ್ಮಸಭೆಯು ನಾಗರಿಕತೆಗೆ ಸಲ್ಲಿಸಿದ ಸೇವೆಯನ್ನು ಓಜಾನಾಮನು ಅಲ್ಲಿ ಸಾಧಿಸಿ ತೋರಿಸುತ್ತಿದ್ದಾಗ ಎದುರಾಳಿಯೊಬ್ಬ ಕೇಳಿದ: ಅದೆಲ್ಲ ಹಿಂದಿನ ಮಾತಾಯಿತು, ಇಂದು ನೀವು ಮಾಡುತ್ತಿರುವುದೇನು?

ಈ ಪ್ರಶ್ನೆಗೆ ಚರಿತ್ರೆಯ ಪುಸ್ತಕಗಳಲ್ಲಿ ಉತ್ತರವಿರಲಿಲ್ಲ. ಹಿಂದಿನ ವರ್ಷವಷ್ಟೇ ಕಾಲರಾ ಬೇನೆ ಪ್ಯಾರಿಸಿನಲ್ಲಿ 18,000ಕ್ಕೂ ಮಿಕ್ಕಿದ ಜನರನ್ನು ಬಲಿತೆಗೆದುಕೊಂಡಿತ್ತು. 1833ರ ಏಪ್ರಿಲ್ 23ರ ಸಂಜೆ, ಓಜಾನಾಮನಿಗೆ ಸರಿಯಾಗಿ ಇಪ್ಪತ್ತು ತುಂಬಿದ ದಿನ, ಬೈಯಿಯವರ ಪತ್ರಿಕಾ ಕಚೇರಿಯಲ್ಲಿ ಏಳು ಮಂದಿ ಸೇರಿದರು. ಆರು ಮಂದಿ ಹದಿಹರೆಯವನ್ನು ಈಗತಾನೆ ದಾಟುತ್ತಿದ್ದವರು, ಬೈಯಿಯವರೊಬ್ಬರೇ ನಡುವಯಸ್ಸಿನವರು. ತಮ್ಮಲ್ಲಿ ಉಳಿದಿದ್ದ ಸೌದೆಯನ್ನು ಓಜಾನಾಮನೂ ಗೆಳೆಯನೊಬ್ಬನೂ ಬಡವರ ಮನೆಗೆ ಹೊತ್ತೊಯ್ದದ್ದೇ ಮೊದಲ ಕಾರ್ಯವೆಂಬ ಹೇಳಿಕೆಯಿದೆ.

ಆದರೆ ಈ ಹುಡುಗರಿಗೆ ಬಡವರ ಮನೆಯ ಹೊಸ್ತಿಲು ದಾಟುವ ರೀತಿ ತಿಳಿಯದು. ಅದನ್ನು ಕಲಿಸಿದವರು ಮುಫ್ತಾರ್ ಬೀದಿಯ ಕೇರಿಯಲ್ಲಿ ಸೇವೆಯಲ್ಲಿದ್ದ ಧರ್ಮಭಗಿನಿ ರೊಸಾಲಿ ರಾಂದು. ಕುಟುಂಬಗಳ ಪಟ್ಟಿಯನ್ನೂ ರೊಟ್ಟಿಯ ಚೀಟಿಗಳನ್ನೂ ಕೊಟ್ಟು, ಪರರ ಮನೆಯಲ್ಲಿ ಕುಳಿತು ಅವರ ಮಾತನ್ನು ಆಲಿಸುವ ವಿನಯವನ್ನು ಹೇಳಿಕೊಟ್ಟರು. ಹಣವನ್ನು ಕಳುಹಿಸಿದರೆ ಸಾಲದು, ತಾವೇ ಹೋಗಬೇಕೆಂಬುದು ಕೂಟದ ಪದ್ಧತಿಯಾಯಿತು. ಹಿರಿಯರು ದಾರಿ ತೋರಿದರು, ಕಾರ್ಯವನ್ನು ಕಿರಿಯರಿಂದ ಕಸಿದುಕೊಳ್ಳಲಿಲ್ಲ. ಹಬ್ಬ ಬಂದಾಗ ಕುರ್ಚಿ ಜೋಡಿಸಲು, ತೋರಣ ಕಟ್ಟಲು ಯುವಕರನ್ನು ಕರೆದು, ಸಮಾಲೋಚನೆಗೆ ಕುಳಿತಾಗ ಅವರನ್ನು ಮರೆಯುವ ನಮ್ಮ ಅಭ್ಯಾಸವನ್ನು ಇಲ್ಲಿ ನೆನೆಯದಿರಲು ನಮ್ಮಿಂದಾಗದು.

ಕೂಟದಲ್ಲಿ ಮನಸ್ತಾಪವೂ ಇತ್ತು. ಸದಸ್ಯರು ನೂರಕ್ಕೇರಿದಾಗ, 1834ರ ಡಿಸೆಂಬರಿನಲ್ಲಿ, ಇದನ್ನು ಒಡೆದು ಬೇರೆ ಬೇರೆ ಶಾಖೆಗಳನ್ನಾಗಿ ಮಾಡೋಣವೆಂದು ಓಜಾನಾಮನು ಸೂಚಿಸಿದನು. ಗೆಳೆತನದ ಬಿಸುಪು ಆರಿಹೋಗುವುದೆಂದು ಹಲವರು ಕಟುವಾಗಿ ವಿರೋಧಿಸಿದರು. ಕೊನೆಗೆ ವಿಭಜನೆ ಆಯಿತು. ಅಂದು ಒಡೆಯದಿದ್ದರೆ ಸಂತ ವಿನ್ಸೆಂಟ್ ದೆ ಪೌಲ್ ಸಭೆಯು ಒಂದು ಬೀದಿಯ ಸ್ನೇಹಕೂಟವಾಗಿಯೇ ಮುಗಿಯುತ್ತಿತ್ತೆಂಬುದು ನಮ್ಮ ಎಣಿಕೆ. 1863ರಲ್ಲಿ ಅದು ಮುಂಬಯಿಗೆ ಬಂದು, ಮುಂದೆ ನಮ್ಮ ಧರ್ಮಕೇಂದ್ರಗಳಲ್ಲಿಯೂ ಬೇರೂರಿತು.

ಬಡವರ ಸೇವೆಯ ಜೊತೆಜೊತೆಗೇ ವಿಚಾರದ ಕ್ಷೇತ್ರವನ್ನೂ ಈ ತರುಣರು ಬಿಡಲಿಲ್ಲ. ತಮ್ಮ ಕಾಲದ ಸಂಶಯಗಳಿಗೆ ತಮ್ಮ ಕಾಲದ ಭಾಷೆಯಲ್ಲಿ ಉತ್ತರಿಸುವ ಪ್ರಬೋಧನೆ ಬೇಕೆಂದು ಮಹಾಧರ್ಮಾಧ್ಯಕ್ಷ ದೆ ಕೆಲೆನ್ ಅವರಿಗೆ ಅರ್ಜಿ ಸಲ್ಲಿಸಿದರು. 1833ರಲ್ಲಿ ನೂರು ಸಹಿಗಳೊಡನೆ, ಮರುವರ್ಷ ಇನ್ನೂರು ಸಹಿಗಳೊಡನೆ. ಮೊದಲು ಏಳು ಮಂದಿ ಪ್ರಬೋಧಕರನ್ನು ನೇಮಿಸಲಾಯಿತು. ಅದು ಅವರಿಗೆ ಒಪ್ಪಿಗೆಯಾಗಲಿಲ್ಲ. ಅವರು ಬಯಸಿದ್ದ ಲಾಕೊರ್ಡೇರ್ ಗುರುಗಳು ಅನೇಕರ ಅನುಮಾನಕ್ಕೆ ಗುರಿಯಾಗಿದ್ದವರು, ವಯಸ್ಸು ಮೂವತ್ತೆರಡು. 1835ರ ತಪಸ್ಸುಕಾಲದಲ್ಲಿ ಅವರು ನೋತ್ರ್ ದಾಮ್‌ನ ಪ್ರಬೋಧನಪೀಠವನ್ನೇರಿದಾಗ ಸಾವಿರಾರು ಮಂದಿ ಕಿಕ್ಕಿರಿದರು. ನಾಲ್ಕು ದಶಕಗಳ ಹಿಂದೆ ವಿಚಾರಶಕ್ತಿಯ ಮಂದಿರವೆನಿಸಿದ್ದ ಕಟ್ಟಡವದು.

ಓಜಾನಾಮರು ಮುಂದೆ ಡಾಂಟೆ ಕವಿಯ ಕುರಿತು ಪ್ರಬಂಧ ರಚಿಸಿ, 1844ರಲ್ಲಿ ಸೊರ್ಬೋನ್‌ನ ಪ್ರಾಧ್ಯಾಪಕರಾದರು. ಕತ್ತಲ ಯುಗವೆಂದು ಪಂಡಿತರು ತಳ್ಳಿಹಾಕಿದ್ದ ಮಧ್ಯಯುಗದಲ್ಲಿ ಕಾವ್ಯವೂ ಕಾನೂನೂ ವಿದ್ಯೆಯೂ ಹೇಗೆ ಅರಳಿದವೆಂಬುದನ್ನು ಬೋಧಿಸಿದರು. ಪೌಲಿನಳ ಸಂಸ್ಥೆಯ ಪತ್ರಿಕೆಯ ಸಂಪಾದನೆಗೂ ಕೆಲಕಾಲ ದುಡಿದರು. ಆದರೂ ಇದನ್ನು ಜಯಗಾಥೆಯೆಂದು ಮುಗಿಸುವಂತಿಲ್ಲ. 1848ರ ಜೂನಿನಲ್ಲಿ ಪ್ಯಾರಿಸಿನ ಕೂಲಿಕಾರರು ದಂಗೆಯೆದ್ದಾಗ, ಸಂಧಾನಕ್ಕೆ ಹೋಗುವಂತೆ ಮಹಾಧರ್ಮಾಧ್ಯಕ್ಷ ಆಫ್ರ್ ಅವರನ್ನು ಬೇಡಿಕೊಂಡವರಲ್ಲಿ ಓಜಾನಾಮರೂ ಒಬ್ಬರು. ಬೀದಿಯ ತಡೆಗೋಡೆಯ ಬಳಿ ಆ ಮಹಾಧರ್ಮಾಧ್ಯಕ್ಷರು ಗುಂಡೇಟು ತಿಂದು, ಎರಡು ದಿನಗಳ ತರುವಾಯ ಮಡಿದರು. ಬಡವರ ಪಕ್ಷ ವಹಿಸಬೇಕೆಂದು ಓಜಾನಾಮರು ಬರೆದದ್ದು ಅನೇಕ ಕಥೋಲಿಕರಿಗೇ ರುಚಿಸಲಿಲ್ಲ.

1853ರ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನೋತ್ಸವದ ದಿನ, ನಲವತ್ತರ ವಯಸ್ಸಿನಲ್ಲಿ ಅವರು ಮಾರ್ಸೇಯಲ್ಲಿ ತೀರಿಕೊಂಡರು. 1997ರ ಆಗಸ್ಟ್ 22ರಂದು, ವಿಶ್ವ ಯುವ ದಿನಾಚರಣೆಗಾಗಿ ನಾನಾ ದೇಶಗಳ ಯುವಜನರು ಪ್ಯಾರಿಸಿನಲ್ಲಿ ನೆರೆದಿದ್ದಾಗ, ಜಗದ್ಗುರು ಎರಡನೆಯ ಜಾನ್ ಪೌಲರು ನೋತ್ರ್ ದಾಮ್‌ನಲ್ಲಿಯೇ ಅವರನ್ನು ಪುನೀತರೆಂದು ಸಾರಿದರು. ಅವರ ಸಮಾಧಿಯಿರುವುದು ಅದೇ ನಗರದ ಕಾರ್ಮೆಲ್ ಮಠದ ದೇವಾಲಯದ ನೆಲಮಾಳಿಗೆಯಲ್ಲಿ. 1792ರ ಸೆಪ್ಟೆಂಬರಿನಲ್ಲಿ ಹತರಾದ ಗುರುಗಳ ಅಸ್ಥಿಗಳನ್ನು ಇರಿಸಿರುವುದೂ ಅಲ್ಲಿಯೇ.