ಒಂದೇ ಇಟ್ಟಿಗೆಯ ಗೋಡೆ

ಹೊಸ ಮನೆ ಕಟ್ಟಿಸುವವನು ಮಾಳಿಗೆಯ ಸುತ್ತ ಕೈಗೋಡೆ ಕಟ್ಟಿಸಬೇಕು, ಅಲ್ಲಿಂದ ಯಾರಾದರೂ ಬಿದ್ದು ಸತ್ತರೆ ಆ ದೋಷ ಮನೆಯ ಮೇಲೆ ಬರುತ್ತದೆ ಎಂಬ ಕಟ್ಟಳೆಯೊಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿದೆ. ದಾರಿ ತಪ್ಪಿದ ಎತ್ತು, ಹಕ್ಕಿಯ ಗೂಡು ಇವುಗಳ ಮಾತಿನ ನಡುವೆ ಗಾರೆ ಕೆಲಸದ ಈ ಮಾತು ಬರುವುದರಿಂದ ಓದುವಾಗ ನಾವು ಇದನ್ನು ದಾಟಿಕೊಂಡು ಹೋಗುತ್ತೇವೆ. ಆದರೆ ಈ ಒಂದು ವಾಕ್ಯವನ್ನೇ ಜೀವನವಿಡೀ ಆಚರಿಸಿದರೋ ಎಂಬಂತೆ ಬಾಳಿದ ವಾಸ್ತುಶಿಲ್ಪಿಯೊಬ್ಬರು ನಮ್ಮ ನೆರೆಯ ಕೇರಳದಲ್ಲಿದ್ದರು. ಅವರೇ ಲಾರಿ ಬೇಕರ್.

1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಬೇಕರ್ ಕ್ವೇಕರ್ ಪಂಥದವರು. ಯುದ್ಧಕಾಲದಲ್ಲಿ ಚೀನಾದಲ್ಲಿ ರೋಗಿಗಳ ಶುಶ್ರೂಷೆ ಮಾಡಿ ಊರಿಗೆ ಮರಳುವಾಗ ಮುಂಬಯಿಯಲ್ಲಿ ಗಾಂಧೀಜಿಯವರ ಪರಿಚಯವಾಯಿತು. ಐದು ಮೈಲಿಯೊಳಗೆ ದೊರೆಯುವ ಸಾಮಗ್ರಿಯಿಂದಲೇ ಮನೆ ಕಟ್ಟಬೇಕೆಂಬ ಗಾಂಧೀಜಿಯವರ ವಿಚಾರ ಅವರ ಮನಸ್ಸಿನಲ್ಲಿ ನೆಲೆನಿಂತಿತು. 1945ರಲ್ಲಿ ಕುಷ್ಠರೋಗಿಗಳ ಸೇವೆಯ ಮಿಷನ್ ಸಂಸ್ಥೆಯ ಪರವಾಗಿ ಅವರು ಭಾರತಕ್ಕೆ ಮರಳಿ ಬಂದರು. ಕೇರಳದ ವೈದ್ಯೆ ಎಲಿಜಬೆತ್ ಜೇಕಬ್ ಅವರನ್ನು ವರಿಸಿ, ಹಿಮಾಲಯದ ಪಿಥೋರಾಗಢದಲ್ಲಿ ಸುಮಾರು ಹದಿನೈದು ವರ್ಷ ನೆಲೆಸಿದರು. ಅಲ್ಲಿ ಕಲ್ಲು, ಮಣ್ಣುಗಳಿಂದ ಮನೆ ಕಟ್ಟುತ್ತಿದ್ದ ಹಳ್ಳಿಗರೇ ಅವರಿಗೆ ಗುರುಗಳಾದರು.

1960ರ ದಶಕದಲ್ಲಿ ಕೇರಳಕ್ಕೆ ಬಂದ ಮೇಲೆ ಅವರು ಬಳಕೆಗೆ ತಂದ ಗೋಡೆಯನ್ನು ನೀವು ಕಣ್ಮುಂದೆ ತಂದುಕೊಳ್ಳಿ. ಇಟ್ಟಿಗೆಯನ್ನು ಅಗಲಕ್ಕೆ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸುತ್ತಾರೆ. ಎರಡು ಸಾಲುಗಳ ನಡುವೆ ಪೊಳ್ಳು ಉಳಿಯುತ್ತದೆ. ಇಲಿಬೋನನ್ನು ನೆನಪಿಸುವ ಈ ಜೋಡಣೆಗೆ ‘ರ‍್ಯಾಟ್ ಟ್ರ್ಯಾಪ್’ ಎಂದೇ ಹೆಸರು. ಸುಮಾರು ಕಾಲು ಭಾಗದಷ್ಟು ಇಟ್ಟಿಗೆ ಉಳಿಯುತ್ತದೆ. ಪೊಳ್ಳಿನಲ್ಲಿರುವ ಗಾಳಿ ಬಿಸಿಲನ್ನು ತಡೆದು ಒಳಗನ್ನು ತಂಪಾಗಿಡುತ್ತದೆ. ಭೂಕಂಪದ ಭಯವಿರುವಲ್ಲಿ ಅದೇ ಪೊಳ್ಳಿನಲ್ಲಿ ಕಬ್ಬಿಣದ ಸರಳು ನಿಲ್ಲಿಸಿ ಮೂಲೆಗಳನ್ನು ಬಲಪಡಿಸಬಹುದು. ಇಟ್ಟಿಗೆಯೇನೂ ನಿರ್ದೋಷಿಯಲ್ಲ, ಅದನ್ನು ಸುಡಲು ಸೌದೆಯೋ ಕಲ್ಲಿದ್ದಲೋ ಉರಿಯಲೇಬೇಕು. ಅದಕ್ಕಾಗಿಯೇ ಒಂದೊಂದು ಇಟ್ಟಿಗೆಯನ್ನೂ ಎಣಿಸಿ ಬಳಸಬೇಕೆಂಬುದು ಬೇಕರ್ ಅವರ ಹಟ. ಸಿಮೆಂಟಿನ ವಿಷಯದಲ್ಲಿ ಅವರ ಜಿಪುಣತನ ಇನ್ನೂ ಹೆಚ್ಚು. ಸುಣ್ಣದ ಕಲ್ಲನ್ನು ಸುಡುವಾಗ ಉರುವಲಿನ ಹೊಗೆಯಷ್ಟೇ ಅಲ್ಲ, ಕಲ್ಲಿನೊಳಗಿನಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಇಂದು ಜಗತ್ತಿನ ಇಂಗಾಲದ ಹೊರಸೂಸುವಿಕೆಯಲ್ಲಿ ಸುಮಾರು ಶೇ. 7ರಿಂದ 8ರಷ್ಟು ಸಿಮೆಂಟಿನದು. ಹವಾಮಾನದ ಚರ್ಚೆ ಮನೆಮಾತಾಗುವ ಎಷ್ಟೋ ಮೊದಲೇ ಬೇಕರ್ ಈ ಲೆಕ್ಕ ಹಾಕುತ್ತಿದ್ದರು.

1970ರ ದಶಕದಲ್ಲಿ ತಿರುವನಂತಪುರದ ಬಳಿಯ ಪೂಂತುರ ಎಂಬ ಕಡಲತೀರದಲ್ಲಿ ಅವರು ಮೀನುಗಾರರಿಗಾಗಿ ಮನೆಗಳನ್ನು ರೂಪಿಸಿದರು. ಬಡವರಿಗೆ ಮನೆ ಎಂದೊಡನೆ ಬೆಂಕಿಪೊಟ್ಟಣ ಜೋಡಿಸಿದಂತೆ ಸಾಲು ಮನೆ ಎಬ್ಬಿಸುವುದು ಎಲ್ಲೆಡೆಯ ರೂಢಿ. ಬೇಕರ್ ಆ ಸಾಲನ್ನು ಮುರಿದರು. ಪ್ರತಿ ಮನೆಯೂ ಪಕ್ಕದ್ದಕ್ಕಿಂತ ತುಸು ಹಿಂದೆ ಮುಂದೆ ಸರಿದು ನಿಂತಿತು. ಇದರಿಂದ ಎಲ್ಲರಿಗೂ ಕಡಲ ಗಾಳಿ ಬೀಸುತ್ತದೆ, ಎಲ್ಲರಿಗೂ ಕಡಲು ಕಾಣುತ್ತದೆ, ಮುಂದೊಂದು ಅಂಗಳವೂ ಸಿಗುತ್ತದೆ. ಮೀನುಗಾರನ ಮನೆಯವರಿಗೆ ಕಡಲು ಕಾಣುವುದು ಅಲಂಕಾರದ ಮಾತಲ್ಲ, ನೀವೇ ಯೋಚಿಸಿ. ಬಿರುಗಾಳಿಯನ್ನೂ ಅವರು ಮರೆಯಲಿಲ್ಲ. ತಗ್ಗಾದ ಇಳಿಜಾರು ಛಾವಣಿ, ಗಾಳಿ ಹಾದುಹೋಗುವಂಥ ಇಟ್ಟಿಗೆಯ ಜಾಲಂಧ್ರ ಇವೆರಡೂ ಗಾಳಿಯ ರಭಸವನ್ನು ಒಡೆಯುವಂಥವು.

ಇಲ್ಲೊಂದು ಕಷ್ಟದ ಪ್ರಶ್ನೆ ಇದೆ. ಗಿಲಾವಿಲ್ಲದ ಇಟ್ಟಿಗೆಗೋಡೆಯನ್ನು ಕಂಡವರು ಅರ್ಧಕ್ಕೆ ನಿಂತ ಮನೆ ಎನ್ನುತ್ತಾರೆ. ತಲೆತಲಾಂತರದಿಂದ ಗುಡಿಸಲಿನಲ್ಲಿ ಬಾಳಿದವರು ತಾರಸಿ ಮನೆ, ಬಣ್ಣ ಬಳಿದ ಗೋಡೆ ಬೇಕೆಂದರೆ ಅದನ್ನು ಅಜ್ಞಾನವೆಂದು ನಗಲು ನಮಗೆ ಹಕ್ಕಿಲ್ಲ. ಊರಿನ ಕಣ್ಣಿನಲ್ಲಿ ಮರ್ಯಾದೆ ದೊರೆಯುವುದು ಅಂಥ ಮನೆಯಿಂದಲೇ. ನಾವು ಸಿಮೆಂಟಿನ ಬಂಗಲೆಯಲ್ಲಿ ಕುಳಿತು, ಪರಿಸರದ ಹೆಸರಿನಲ್ಲಿ ಅವರಿಗೆ ಮಾತ್ರ ಮಣ್ಣಿನ ಮನೆಯನ್ನು ಉಪದೇಶಿಸಿದರೆ ಅದು ದಾನವೂ ಅಲ್ಲ, ನ್ಯಾಯವೂ ಅಲ್ಲ.

ಬೇಕರ್ ಅವರ ಉತ್ತರ ಅವರ ಕೆಲಸದಲ್ಲೇ ಇದೆ. ಪೂಂತುರದ ಬಡವರಿಗೆ ಕಟ್ಟಿದ ಬಗೆಯ ಬರಿ ಇಟ್ಟಿಗೆಯ ಗೋಡೆಯನ್ನೇ ಅವರು ಉಳ್ಳೂರಿನಲ್ಲಿ ಅರ್ಥಶಾಸ್ತ್ರಜ್ಞ ಕೆ. ಎನ್. ರಾಜ್ ಅವರ ಅಭಿವೃದ್ಧಿ ಅಧ್ಯಯನ ಕೇಂದ್ರಕ್ಕೂ ಕಟ್ಟಿದರು. ಶ್ರೀಕಾರ್ಯಂನಲ್ಲಿ ಯೇಸುಸಭೆಯವರ ಲೊಯೋಲ ಪ್ರಾರ್ಥನಾಲಯವೂ ಅಂಥದೇ. ಅಲ್ಲಿ ಜಾಲಂಧ್ರದಿಂದ ಸೋಸಿ ಬರುವ ಬೆಳಕಿನಲ್ಲಿ ಬಲಿಪೂಜೆ ನಡೆಯುತ್ತದೆ. ನಗರದ ಅಧಿಕಾರಿಗಳೂ ಪ್ರಾಧ್ಯಾಪಕರೂ ಅದೇ ಗೋಡೆಯ ಮನೆ ಬೇಕೆಂದು ಅವರ ಬಳಿ ಬಂದರು. ವಿದ್ವಾಂಸನಿಗೂ ದೇವಾಲಯಕ್ಕೂ ಒಪ್ಪಿದ ಗೋಡೆಯನ್ನು ಬಡವನ ಗೋಡೆ ಎಂದು ಹೀಗಳೆಯುವುದು ಹೇಗೆ? 1985ರಲ್ಲಿ ಮಾಜಿ ಮುಖ್ಯಮಂತ್ರಿ ಸಿ. ಅಚ್ಯುತ ಮೆನನ್, ರಾಜ್ ಮೊದಲಾದವರೊಡನೆ ಸೇರಿ ಸ್ಥಾಪಿಸಿದ ‘ಕಾಸ್ಟ್‌ಫೋರ್ಡ್’ ಸಂಸ್ಥೆ ಈ ವಿಧಾನವನ್ನು ಮೇಸ್ತ್ರಿಗಳಿಗೆ ಕಲಿಸಿತು. 1989ರಲ್ಲಿ ಬೇಕರ್ ಭಾರತದ ಪೌರರಾದರು, 2007ರ ಏಪ್ರಿಲ್ 1ರಂದು ತಿರುವನಂತಪುರದಲ್ಲಿ ನಿಧನರಾದರು.

ಅವರ ಛಾವಣಿಯಲ್ಲಿ ನಮ್ಮ ನಾಡಿನ ಪಾಲೂ ಇದೆ. ಕಾಂಕ್ರೀಟು ತಾರಸಿಯ ಕೆಳಭಾಗದ ಕಾಂಕ್ರೀಟು ಹೊರುವ ಭಾರ ಅತ್ಯಲ್ಪ. ಆ ಜಾಗದಲ್ಲಿ ಸರಳುಗಳ ನಡುವೆ ಬೇಕರ್ ಮಂಗಳೂರು ಹೆಂಚುಗಳನ್ನು ಇಟ್ಟು ಸಿಮೆಂಟನ್ನೂ ಕಬ್ಬಿಣವನ್ನೂ ಉಳಿಸಿದರು. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದು, ಕ್ರೈಸ್ತರಾಗಿ ಮನೆಮಾರು ಕಸುಬು ಕಳೆದುಕೊಂಡವರಿಗೆ ದುಡಿಮೆ ಒದಗಿಸುವ ಮಿಷನ್ನಿನ ಪ್ರಯತ್ನದ ಭಾಗವಾಗಿ. ನಿಮ್ಮ ಧರ್ಮಕೇಂದ್ರದ ಹಳೆಯ ಶಾಲೆಯನ್ನೋ ಗುರುನಿವಾಸವನ್ನೋ ಕೆಡವಿದಾಗ ಅಂಥ ಹೆಂಚುಗಳು ಹಿತ್ತಲಿನಲ್ಲಿ ರಾಶಿಬಿದ್ದಿರುವುದನ್ನು ನೀವು ಕಂಡಿರಬಹುದು. ಅಂಚು ಒಡೆದ ಹೆಂಚೂ ಈ ಕೆಲಸಕ್ಕೆ ಆಗುತ್ತದೆ.