ಕ್ಯಾಬಿನೆಟ್ ಬದಲಾವಣೆಯ ಬಳಿಕ ಚಾಲನೆಗೊಳ್ಳದ ಗಣಕಯಂತ್ರ: ಕಾರಣಗಳು ಮತ್ತು ದೋಷಪತ್ತೆ

ಮೇಜಿನ ಗಣಕಯಂತ್ರದ ಭಾಗಗಳನ್ನು ಒಂದು ಕ್ಯಾಬಿನೆಟ್ಟಿನಿಂದ ಬಿಚ್ಚಿ ಮತ್ತೊಂದರಲ್ಲಿ ಕೂರಿಸಿದಾಗ, ಅಲ್ಲಿಯವರೆಗೆ ಸರಿಯಾಗಿಯೇ ನಡೆಯುತ್ತಿದ್ದ ಯಂತ್ರವು ಪವರ್ ಗುಂಡಿಗೆ ಸ್ಪಂದಿಸದಿರುವುದು, ಅಥವಾ ಕ್ಷಣಮಾತ್ರ ಮಿಡುಕಿ ನಿಂತುಹೋಗುವುದು, ಗಣಕ ದುರಸ್ತಿಯಲ್ಲಿ ಪದೇಪದೇ ಎದುರಾಗುವ ತೊಂದರೆ. ಇದು ಇತರ ಚಾಲನಾದೋಷಗಳಿಗಿಂತ ಸುಲಭವಾಗಿ ಬಗೆಹರಿಯುವಂಥದು. ಏಕೆಂದರೆ ಹಿಂದಿನ ದಿನದವರೆಗೂ ಎಲ್ಲ ಭಾಗಗಳು ಕೆಲಸ ಮಾಡುತ್ತಿದ್ದವೆಂಬುದು ತಿಳಿದಿರುವುದರಿಂದ, ತಪ್ಪು ಬಹುಪಾಲು ಭಾಗಗಳಲ್ಲಿರದೆ ಅವುಗಳ ನಡುವಣ ಜೋಡಣೆಯಲ್ಲಿರುತ್ತದೆ. ಹೊಸ ಮದರ್‌ಬೋರ್ಡನ್ನೋ ಹೊಸ ಎಸ್‌ಎಂಪಿಎಸ್ಸನ್ನೋ ಕೊಳ್ಳುವುದಕ್ಕೆ ಮೊದಲು, ಸ್ಥಳಾಂತರದ ವೇಳೆ ಕೈ ತಗುಲಿದ ಪ್ರತಿಯೊಂದು ಜೋಡಣೆಯನ್ನೂ ಪರೀಕ್ಷಿಸುವುದೇ ಸರಿಯಾದ ದಾರಿ.

ಈ ಪರೀಕ್ಷೆಯು ಅರ್ಥವಾಗಬೇಕಾದರೆ ಗಣಕವು ಚಾಲನೆಗೊಳ್ಳುವ ಬಗೆಯನ್ನು ತಿಳಿಯಬೇಕು. ಹಳೆಯ ಎಟಿ ಮಾದರಿಯ ಯಂತ್ರಗಳಲ್ಲಿ ಮುಂಭಾಗದ ಸ್ವಿಚ್ಚು ಮನೆಯ ವಿದ್ಯುತ್ತನ್ನೇ ನೇರವಾಗಿ ಕತ್ತರಿಸಿ ಕೂಡಿಸುತ್ತಿತ್ತು. 1995ರಲ್ಲಿ ಇಂಟೆಲ್ ಸಂಸ್ಥೆಯು ಪ್ರಕಟಿಸಿದ ಎಟಿಎಕ್ಸ್ ಮಾನಕದಲ್ಲಿ ಈ ಏರ್ಪಾಡು ಬದಲಾಯಿತು. ಎಸ್‌ಎಂಪಿಎಸ್, ಅಂದರೆ ಮನೆಯ 230 ವೋಲ್ಟ್ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳ ನೇರ ವಿದ್ಯುತ್ತಾಗಿ ಪರಿವರ್ತಿಸುವ ಪೆಟ್ಟಿಗೆಯು, ಯಂತ್ರವು ಆರಿದ್ದಾಗಲೂ ಮದರ್‌ಬೋರ್ಡಿಗೆ 5 ವೋಲ್ಟಿನ ಒಂದು ಕಾಯ್ದಿರಿಸಿದ ಪೂರೈಕೆಯನ್ನು ಒದಗಿಸುತ್ತಲೇ ಇರುತ್ತದೆ. ಬಳಕೆದಾರನು ಗುಂಡಿ ಒತ್ತಿದಾಗ ಮದರ್‌ಬೋರ್ಡಿನ ಎರಡು ಸಣ್ಣ ಪಿನ್ನುಗಳು ಕ್ಷಣಕಾಲ ಒಂದಕ್ಕೊಂದು ಕೂಡುತ್ತವೆ. ಅದನ್ನು ಗ್ರಹಿಸಿದ ಮದರ್‌ಬೋರ್ಡು 24 ಪಿನ್ನಿನ ಮುಖ್ಯ ಕನೆಕ್ಟರಿನ ಹದಿನಾರನೆಯ ಪಿನ್ನನ್ನು ಗ್ರೌಂಡಿಗೆ, ಅಂದರೆ ಶೂನ್ಯ ವೋಲ್ಟಿಗೆ, ಇಳಿಸುತ್ತದೆ. ಆಗ ಎಸ್‌ಎಂಪಿಎಸ್ ಉಳಿದ ಪೂರೈಕೆಗಳನ್ನೆಲ್ಲ ತೆರೆದು, ಅವು ಸ್ಥಿರವಾದವೆಂದು ಎಂಟನೆಯ ಪಿನ್ನಿನ ಮೂಲಕ ಮರುಸಂಕೇತ ಕಳುಹಿಸಿದ ಮೇಲಷ್ಟೇ ಪ್ರೊಸೆಸರ್ ಕೆಲಸಕ್ಕೆ ತೊಡಗುತ್ತದೆ. ಗುಂಡಿಯಿಂದ ಪ್ರೊಸೆಸರಿನವರೆಗಿನ ಈ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದರೂ ಯಂತ್ರ ಏಳುವುದಿಲ್ಲ. ಆದರೆ ಎಲ್ಲಿ ಕಳಚಿದೆ ಎಂಬುದಕ್ಕೆ ತಕ್ಕಂತೆ ಲಕ್ಷಣಗಳು ಬೇರೆಯಾಗುತ್ತವೆ. ಆದ್ದರಿಂದ ಯಾವ ಜೀವವೂ ಇಲ್ಲದ ಯಂತ್ರ, ಫ್ಯಾನು ಒಮ್ಮೆ ಅಲುಗಿ ನಿಲ್ಲುವ ಯಂತ್ರ, ಫ್ಯಾನು ತಿರುಗುತ್ತಿದ್ದರೂ ಪರದೆಯಲ್ಲಿ ಏನೂ ಮೂಡದ ಯಂತ್ರ, ಇವನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಅಂಗಡಿಗೆ ಒಯ್ದಾಗ ಈ ಮೂರನ್ನೂ ‘ಆನ್ ಆಗ್ತಿಲ್ಲ’ ಎಂಬ ಒಂದೇ ಮಾತಿನಲ್ಲಿ ಹೇಳುವುದರಿಂದ ದುರಸ್ತಿಗಾರನಿಗೆ ಅರ್ಧ ಮಾಹಿತಿ ಅಲ್ಲಿಯೇ ಸೋರಿಹೋಗುತ್ತದೆ.

ಯಾವ ಜೀವವೂ ಇಲ್ಲದಿದ್ದರೆ, ಗೋಡೆಯ ಸಾಕೆಟ್ಟಿನಲ್ಲಿ ವಿದ್ಯುತ್ತಿದೆಯೇ, ಎಸ್‌ಎಂಪಿಎಸ್ಸಿನ ಹಿಂಬದಿಯ ಚಿಕ್ಕ ಸ್ವಿಚ್ಚು ಸೊನ್ನೆಯ ಬದಲು ಗೆರೆಯ ಕಡೆಗಿದೆಯೇ, 24 ಪಿನ್ನಿನ ಕನೆಕ್ಟರು ಕೊಕ್ಕೆ ಬೀಳುವವರೆಗೂ ಇಳಿದಿದೆಯೇ ಎಂಬುದನ್ನು ನೋಡಬೇಕು. ಕೆಲವು ಚಿಕ್ಕ ಕ್ಯಾಬಿನೆಟ್ಟುಗಳಲ್ಲಿ ಎಸ್‌ಎಂಪಿಎಸ್ ಮುಂಭಾಗದಲ್ಲಿದ್ದು, ಹಿಂಬದಿಯ ಸಾಕೆಟ್ಟಿನಿಂದ ಅದರವರೆಗೆ ಒಳಗೇ ಒಂದು ವಿಸ್ತರಣೆಯ ತಂತಿ ಹರಿದಿರುತ್ತದೆ. ಅದರ ತುದಿ ಸಡಿಲಗೊಂಡಿರುವುದು ಹೊರಗಿನಿಂದ ಕಾಣುವುದಿಲ್ಲ. ಹಳೆಯ ಎಸ್‌ಎಂಪಿಎಸ್ಸುಗಳಲ್ಲಿರುವ 115 ಮತ್ತು 230 ವೋಲ್ಟುಗಳ ಆಯ್ಕೆಯ ಕೆಂಪು ಸ್ವಿಚ್ಚು ಜೋಡಣೆಯ ವೇಳೆ 115ಕ್ಕೆ ಸರಿದಿದ್ದು, ಭಾರತದ ವಿದ್ಯುತ್ತಿಗೆ ಹಾಗೆಯೇ ಜೋಡಿಸಿದರೆ ಪೆಟ್ಟಿಗೆ ಸುಟ್ಟುಹೋಗುವುದರಿಂದ, ಅಂಥ ಸ್ವಿಚ್ಚಿದ್ದಲ್ಲಿ ಅದನ್ನು ಎಲ್ಲಕ್ಕಿಂತ ಮೊದಲೇ ನೋಡಿಕೊಳ್ಳುವುದು ಮೇಲು.

ಇವೆಲ್ಲ ಸರಿಯಿದ್ದರೆ ಶಂಕೆಯು ಬಹುಮಟ್ಟಿಗೆ ಮುಂಫಲಕದ ತಂತಿಗಳ ಮೇಲೆ ಬೀಳುತ್ತದೆ. ಪವರ್ ಸ್ವಿಚ್, ರೀಸೆಟ್ ಸ್ವಿಚ್ ಮತ್ತು ಎರಡು ದೀಪಗಳ ಕಿರಿದಾದ ತಂತಿಗಳು ಮದರ್‌ಬೋರ್ಡಿನ ಒಂದು ಮೂಲೆಯ ಒಂಬತ್ತು ಪಿನ್ನುಗಳ ಗುಂಪಿಗೆ ಸೇರಬೇಕು. ಅಲ್ಲಿನ ಅಕ್ಷರಗಳು ಕಣ್ಣಿಗೆ ಹಿಡಿಯದಷ್ಟು ಚಿಕ್ಕವಾಗಿರುವುದರಿಂದ ಒಂದು ಪಿನ್ನಿನಷ್ಟು ಪಕ್ಕಕ್ಕೆ ಜಾರಿಸಿ ಚುಚ್ಚುವುದು ತೀರ ಸಾಮಾನ್ಯ. ದೀಪಗಳಿಗೆ ಧನ ಋಣಗಳೆಂಬ ಭೇದವಿದೆ, ತಿರುವಿ ಹಾಕಿದರೆ ಅವು ಬೆಳಗುವುದಿಲ್ಲ ಅಷ್ಟೆ. ಸ್ವಿಚ್ಚುಗಳಿಗೆ ಆ ಭೇದವೇ ಇಲ್ಲ. ಹೊಸ ಕ್ಯಾಬಿನೆಟ್ಟಿನ ಗುಂಡಿಯೇ ಕೆಟ್ಟಿರಬಹುದಾದ ಕಾರಣ, ತಂತಿಯನ್ನು ಕಿತ್ತು, ಪವರ್ ಸ್ವಿಚ್ಚಿನ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಕ್ಷಣಮಾತ್ರ ಮುಟ್ಟಿಸಿ ನೋಡುವುದುಂಟು. ಸರಿಯಾದ ಆ ಎರಡು ಪಿನ್ನುಗಳಿಗಷ್ಟೇ ತಗುಲುವಂತೆ ನೋಡಿಕೊಂಡರೆ ಇದರಿಂದ ಅಪಾಯವಿಲ್ಲ. ಆಗ ಯಂತ್ರ ಎದ್ದರೆ ದೋಷ ಗುಂಡಿಯದು, ಮತ್ತು ರೀಸೆಟ್ ತಂತಿಯನ್ನು ಪವರ್ ಪಿನ್ನುಗಳಿಗೆ ಹಾಕಿಕೊಂಡು ಕೆಲಸ ಸಾಗಿಸಬಹುದು. ಗುಂಡಿಯು ಒಳಗೇ ಸಿಕ್ಕಿಕೊಂಡಿದ್ದರೆ ಲಕ್ಷಣ ಬೇರೆ: ಯಂತ್ರವು ಎದ್ದು ಸುಮಾರು ನಾಲ್ಕು ಸೆಕೆಂಡಿಗೆ ತಾನೇ ಆರುತ್ತದೆ, ಏಕೆಂದರೆ ಅಷ್ಟು ಹೊತ್ತು ಒತ್ತಿಹಿಡಿಯುವುದೆಂದರೆ ಬಲವಂತದಿಂದ ಆರಿಸುವ ಆಜ್ಞೆ. ರೀಸೆಟ್ ಗುಂಡಿ ಸಿಕ್ಕಿಕೊಂಡಿದ್ದರೆ ಫ್ಯಾನುಗಳು ತಿರುಗುತ್ತಲೇ ಇದ್ದು ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಫ್ಯಾನು ಒಮ್ಮೆ ಅಲುಗಿ, ‘ಟಿಕ್’ ಎಂಬ ಸದ್ದಿನೊಡನೆ ಎಲ್ಲವೂ ನಿಂತರೆ ಅದು ಸಾಮಾನ್ಯವಾಗಿ ಶಾರ್ಟ್ ಸರ್ಕಿಟ್ಟಿನ ಗುರುತು. ಎಸ್‌ಎಂಪಿಎಸ್ ಅಧಿಕ ಪ್ರವಾಹವನ್ನು ಕಂಡು ತನ್ನನ್ನು ತಾನೇ ಮುಚ್ಚಿಕೊಂಡಿರುತ್ತದೆ, ಮತ್ತು ಹಲವು ಬಾರಿ ಹಿಂಬದಿಯ ಸ್ವಿಚ್ಚನ್ನು ಆರಿಸಿ ಸ್ವಲ್ಪ ಹೊತ್ತು ಬಿಡದ ಹೊರತು ಮತ್ತೆ ಪ್ರಯತ್ನಿಸುವುದೂ ಇಲ್ಲ. ಕ್ಯಾಬಿನೆಟ್ ಬದಲಾವಣೆಗೇ ವಿಶಿಷ್ಟವಾದ ಕಾರಣವು ಇಲ್ಲಿದೆ. ಮದರ್‌ಬೋರ್ಡು ಲೋಹದ ತಟ್ಟೆಗೆ ತಾಗದಂತೆ ಅದನ್ನು ಕೆಲವೇ ಮಿಲಿಮೀಟರು ಎತ್ತರದಲ್ಲಿ ಹಿಡಿದಿಡುವ ಹಿತ್ತಾಳೆಯ ಗಿಡ್ಡ ತಿರುಪುಕಂಬಗಳಿಗೆ ಸ್ಟ್ಯಾಂಡ್‌ಆಫ್ ಎಂದು ಹೆಸರು. 305 × 244 ಮಿ.ಮೀ. ಅಳತೆಯ ಎಟಿಎಕ್ಸ್ ಬೋರ್ಡಿಗೆ ಇವು ಸಾಮಾನ್ಯವಾಗಿ ಒಂಬತ್ತು ಬೇಕು, 170 × 170 ಮಿ.ಮೀ. ಅಳತೆಯ ಮಿನಿ ಐಟಿಎಕ್ಸ್ ಬೋರ್ಡಿಗೆ ನಾಲ್ಕೇ ಸಾಕು. ಬೋರ್ಡಿನ ರಂಧ್ರಗಳ ಸುತ್ತಲಿನ ಲೋಹದ ಬಳೆ ಗ್ರೌಂಡಿಗೆ ಸೇರಿರುವುದರಿಂದ, ರಂಧ್ರದ ನೇರಕ್ಕಿರುವ ಕಂಬದಿಂದ ತೊಂದರೆಯಿಲ್ಲ. ಆದರೆ ದೊಡ್ಡ ಬೋರ್ಡಿಗೆಂದು ಕಾರ್ಖಾನೆಯಲ್ಲೇ ಕೂರಿಸಿದ ಕಂಬವನ್ನು ತೆಗೆಯದೆ 244 × 244 ಮಿ.ಮೀ. ಅಳತೆಯ ಮೈಕ್ರೋ ಎಟಿಎಕ್ಸ್ ಬೋರ್ಡನ್ನು ಕೂರಿಸಿದರೆ, ರಂಧ್ರವಿಲ್ಲದ ಜಾಗದಲ್ಲಿ ಅದು ಬೋರ್ಡಿನ ಬೆನ್ನಿನ ಬೆಸುಗೆಗಳಿಗೆ ಒತ್ತಿಕೊಂಡು ವಿದ್ಯುತ್ತನ್ನು ಸೀದಾ ಕ್ಯಾಬಿನೆಟ್ಟಿಗೆ ಹರಿಸುತ್ತದೆ. ಕಂಬಗಳನ್ನೇ ಹಾಕದೆ ಬೋರ್ಡನ್ನು ತಟ್ಟೆಗೆ ಬಿಗಿದರೂ ಫಲ ಇದೇ. ಬೋರ್ಡಿನಡಿಗೆ ಉರುಳಿಹೋದ ಒಂದು ಸ್ಕ್ರೂ, ಯುಎಸ್‌ಬಿ ಪೋರ್ಟಿನೊಳಕ್ಕೆ ಮಡಿಚಿಕೊಂಡ ಹಿಂಬದಿಯ ತಗಡಿನ ನಾಲಗೆ, ಮುಂಫಲಕದ ದಪ್ಪ ಯುಎಸ್‌ಬಿ ಕೇಬಲ್ಲನ್ನು ಓರೆಯಾಗಿ ಒತ್ತಿದ್ದರಿಂದ ಬಾಗಿದ ಪಿನ್ನು, ಇವೂ ಇದೇ ಪರಿಣಾಮವನ್ನು ಉಂಟುಮಾಡಬಲ್ಲವು.

ಇದೇ ಲಕ್ಷಣಕ್ಕೆ ಇನ್ನೂ ಹೆಚ್ಚು ದುಬಾರಿಯಾದ ಕಾರಣವೊಂದಿದೆ. ಮಾಡ್ಯುಲರ್ ಎಸ್‌ಎಂಪಿಎಸ್ಸುಗಳಲ್ಲಿ, ಅಂದರೆ ಕೇಬಲ್ಲುಗಳನ್ನು ಪೆಟ್ಟಿಗೆಯ ಕಡೆಯಿಂದಲೂ ಬಿಚ್ಚಬಹುದಾದವುಗಳಲ್ಲಿ, ಮದರ್‌ಬೋರ್ಡಿನ ಕಡೆಯ ತುದಿಗೆ ಮಾನಕವಿದೆಯೇ ಹೊರತು ಪೆಟ್ಟಿಗೆಯ ಕಡೆಯ ತುದಿಗೆ ಯಾವ ಮಾನಕವೂ ಇಲ್ಲ. ಬೇರೆ ಕಂಪನಿಯ, ಕೆಲವೊಮ್ಮೆ ಅದೇ ಕಂಪನಿಯ ಬೇರೆ ಸರಣಿಯ, ಕೇಬಲ್ಲು ಅಚ್ಚುಕಟ್ಟಾಗಿ ಕೂತರೂ 5 ವೋಲ್ಟ್ ಹೋಗಬೇಕಾದ ತಂತಿಯಲ್ಲಿ 12 ವೋಲ್ಟ್ ಹರಿದು ಹಾರ್ಡ್ ಡಿಸ್ಕು ಸುಟ್ಟುಹೋಗಬಹುದು. ಕ್ಯಾಬಿನೆಟ್ಟಿನ ಜೊತೆಗೆ ಎಸ್‌ಎಂಪಿಎಸ್ಸನ್ನೂ ಬದಲಿಸಿ ಹಳೆಯ ಕೇಬಲ್ಲುಗಳನ್ನೇ ಉಳಿಸಿಕೊಳ್ಳುವುದು ಈ ಕಾರಣಕ್ಕೆ ಖಂಡಿತ ಕೂಡದು.

ಫ್ಯಾನುಗಳು ತಿರುಗಿಯೂ ಚಿತ್ರ ಮೂಡದಿದ್ದರೆ ಮೊದಲು ನೋಡಬೇಕಾದುದು ಪ್ರೊಸೆಸರಿನ ಪಕ್ಕದ ನಾಲ್ಕು ಅಥವಾ ಎಂಟು ಪಿನ್ನಿನ 12 ವೋಲ್ಟ್ ಕನೆಕ್ಟರು. ಪೆಂಟಿಯಂ 4ರ ಕಾಲದಲ್ಲಿ, 2000ದಲ್ಲಿ, ಮಾನಕಕ್ಕೆ ಸೇರಿದ ಈ ಕನೆಕ್ಟರು ಬೋರ್ಡಿನ ಮೇಲ್ಮೂಲೆಯಲ್ಲಿ ಅಡಗಿರುವುದರಿಂದ ಮರೆತುಹೋಗುವುದೇ ಹೆಚ್ಚು. ಗ್ರಾಫಿಕ್ಸ್ ಕಾರ್ಡಿನ ಎಂಟು ಪಿನ್ನಿನ ಕೇಬಲ್ಲು ನೋಟಕ್ಕೆ ಇದರಂತೆಯೇ ಇದ್ದರೂ ಅದರ ತಂತಿಗಳ ಕ್ರಮ ತಿರುವುಮುರುವಾಗಿದೆ, ಬಲವಂತದಿಂದ ತುರುಕಬಾರದು. ಅನಂತರ ರ‍್ಯಾಮ್ ಪಟ್ಟಿಗಳನ್ನು ತೆಗೆದು, ಚಿನ್ನದ ಲೇಪವಿರುವ ಅಂಚನ್ನು ಮೆದು ರಬ್ಬರಿನಿಂದ ಒರೆಸಿ ಮತ್ತೆ ಕೂರಿಸುವುದು ನಮ್ಮ ದುರಸ್ತಿ ಅಂಗಡಿಗಳ ಹಳೆಯ ಪದ್ಧತಿ. ಬಹಳ ಸಲ ಗುಣ ಕೊಡುವುದು ರಬ್ಬರಲ್ಲ, ಸರಿಯಾಗಿ ಮತ್ತೆ ಕೂರಿಸಿದ್ದು ಎಂದರೂ ತಪ್ಪಾಗದು. ಡಿಡಿಆರ್5 ರ‍್ಯಾಮ್ ಇರುವ ಯಂತ್ರಗಳು ಸ್ಮೃತಿಯ ಹೊಂದಾಣಿಕೆಗಾಗಿ ಮೊದಲ ಚಾಲನೆಯಲ್ಲಿ ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಇರಬಹುದಾದ್ದರಿಂದ ಅಲ್ಲಿ ತಾಳ್ಮೆ ಅಗತ್ಯ. ಗ್ರಾಫಿಕ್ಸ್ ಕಾರ್ಡಿದ್ದೂ ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿಗೇ ಚುಚ್ಚಿರುವುದು ಇನ್ನೊಂದು ಸಾಮಾನ್ಯ ಪ್ರಮಾದ. ಇತ್ತೀಚಿನ ಹಲವು ಬೋರ್ಡುಗಳಲ್ಲಿ ಪ್ರೊಸೆಸರ್, ಸ್ಮೃತಿ, ಗ್ರಾಫಿಕ್ಸ್ ಮತ್ತು ಡಿಸ್ಕುಗಳ ಪೈಕಿ ಯಾವುದರಲ್ಲಿ ಕೆಲಸ ನಿಂತಿದೆ ಎಂದು ತೋರಿಸುವ ನಾಲ್ಕು ಪುಟ್ಟ ದೀಪಗಳಿರುತ್ತವೆ. ಅವು ಊಹೆಗಿಂತ ಮೇಲಾದ ಸಾಕ್ಷ್ಯ.

ಕಾರಣ ಇನ್ನೂ ಸಿಗದಿದ್ದಾಗ ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು ಒಣ ರಟ್ಟಿನ ಮೇಲಿಟ್ಟು, ಪ್ರೊಸೆಸರ್, ಅದರ ಫ್ಯಾನು, ಒಂದೇ ರ‍್ಯಾಮ್ ಪಟ್ಟಿ ಮತ್ತು ಎಸ್‌ಎಂಪಿಎಸ್ ಇಷ್ಟನ್ನೇ ಜೋಡಿಸಿ ಪಿನ್ನುಗಳನ್ನು ಮುಟ್ಟಿಸಿ ನೋಡಬೇಕು. ಪ್ರೊಸೆಸರಿನಲ್ಲಿ ಚಿತ್ರ ಮೂಡಿಸುವ ಸೌಲಭ್ಯವಿಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡನ್ನೂ ಸೇರಿಸಬೇಕು. ಬೋರ್ಡು ಬಂದ ಸ್ಥಿರವಿದ್ಯುತ್ ನಿರೋಧಕ ಚೀಲವು ವಿದ್ಯುತ್ತನ್ನು ಅಷ್ಟಿಷ್ಟು ಹರಿಯಬಿಡುವುದರಿಂದ ಅದರ ಮೇಲೆ ಇಡುವುದು ಸಲ್ಲದು. ಹೊರಗೆ ಎದ್ದ ಯಂತ್ರ ಒಳಗೆ ಏಳದಿದ್ದರೆ ಕ್ಯಾಬಿನೆಟ್ಟೇ ಅಪರಾಧಿ ಎಂಬುದು ಸಿದ್ಧವಾದಂತೆ. ಹೊರಗೂ ಏಳದಿದ್ದರೆ ಮಾತ್ರ ಎಸ್‌ಎಂಪಿಎಸ್, ಬೋರ್ಡು, ಪ್ರೊಸೆಸರುಗಳನ್ನು ಬದಲಿಸಿ ನೋಡುವ ಹಂತ ಬರುತ್ತದೆ.

ಎಸ್‌ಎಂಪಿಎಸ್ಸನ್ನು ಮಾತ್ರ ಬಿಚ್ಚಬಾರದು. ಅದರೊಳಗಿನ ಕೆಪಾಸಿಟರುಗಳಲ್ಲಿ, ವಿದ್ಯುತ್ ಕಿತ್ತ ಮೇಲೂ, 300 ವೋಲ್ಟಿಗೂ ಮೀರಿದ ನೇರ ವಿದ್ಯುತ್ತು ಉಳಿದಿರಬಹುದು. ಅರ್ತಿಂಗ್ ಇಲ್ಲದ ಮನೆಗಳಲ್ಲಿ ಕ್ಯಾಬಿನೆಟ್ಟನ್ನು ಮುಟ್ಟಿದರೆ ಜುಮ್ಮೆನ್ನುವುದು ಬಹುಪಾಲು ಎಸ್‌ಎಂಪಿಎಸ್ಸಿನ ಶೋಧಕ ಕೆಪಾಸಿಟರುಗಳ ಮೂಲಕ ಸೋರುವ ಅಲ್ಪ ಪ್ರವಾಹದಿಂದ. ಬಣ್ಣವಿರದ ತಗಡಿನ ಹೊಸ ಕ್ಯಾಬಿನೆಟ್ಟಿನಲ್ಲಿ ಇದು ಹಿಂದಿಗಿಂತ ಹೆಚ್ಚಾಗಿ ಅನುಭವಕ್ಕೆ ಬರುವುದುಂಟು, ಆದರೆ ಚಾಲನಾದೋಷಕ್ಕೂ ಅದಕ್ಕೂ ಸಂಬಂಧವಿಲ್ಲ. ಅರ್ತಿಂಗನ್ನು ಸರಿಪಡಿಸುವುದೇ ಅದಕ್ಕೆ ಪರಿಹಾರ.

ಡೆಲ್, ಎಚ್‌ಪಿ ಮೊದಲಾದ ಸಂಸ್ಥೆಗಳ ಸಿದ್ಧ ಗಣಕಗಳ ಬೋರ್ಡುಗಳನ್ನು ಬೇರೆ ಕ್ಯಾಬಿನೆಟ್ಟಿಗೆ ಸಾಗಿಸುವ ಪ್ರಯತ್ನಗಳಿಗೆ ಈ ಕ್ರಮವೆಲ್ಲ ಪೂರ್ತಿಯಾಗಿ ಅನ್ವಯಿಸುವುದಿಲ್ಲ. ಅವುಗಳಲ್ಲಿ ಹಲವು ಮಾದರಿಗಳ ಮುಂಫಲಕದ ಪಿನ್ನುಗಳೂ ವಿದ್ಯುತ್ ಕನೆಕ್ಟರುಗಳೂ ಎಟಿಎಕ್ಸ್ ಮಾನಕವನ್ನು ಅನುಸರಿಸುವುದಿಲ್ಲ. ಕೆಲವು ಬೋರ್ಡುಗಳು ಮೂಲ ಕ್ಯಾಬಿನೆಟ್ಟಿನ ಫ್ಯಾನು ಅಥವಾ ಮುಂಭಾಗದ ಕೇಬಲ್ಲು ಕಾಣದಿದ್ದರೆ ದೋಷಸೂಚನೆ ಕೊಟ್ಟು ನಿಲ್ಲುತ್ತವೆ. ಆ ಮಾದರಿಯ ಪಿನ್ನುಗಳ ವಿವರ ಖಚಿತವಾಗಿ ಕೈಯಲ್ಲಿಲ್ಲದಿದ್ದರೆ ಅಂಥ ಬೋರ್ಡನ್ನು ಅದರ ಮೂಲ ಕ್ಯಾಬಿನೆಟ್ಟಿನಲ್ಲಿಯೇ ಬಿಡುವುದು ಲೇಸು.